ಎರಡು ಪೆಂಡಾಲು, ಒಂದು ಬಸ್ಸು

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನಾಗ ವಿಜಾಪುರ ಡಿಪೋದಲ್ಲಿ ಬದಲಿ ಡ್ರೈವರ್. ಬದಲಿ ಎಂದರೆ ಕಾಯಂ ನೌಕರರು ರಜೆ ಹಾಕಿದ ದಿನ ಮಾತ್ರ ಕೈಗೆ ಸ್ಟೇರಿಂಗು. ಉಳಿದ ದಿನ ಡಿಪೋದ ಕಟ್ಟೆಯ ಮೇಲೆ ಕೂತು ಯಾರಿಗಾದರೂ ಜ್ವರ ಬರಲೆಂದು ಕಾಯುವುದು. ಕಾಯಂ ಆಗುವವರ ಸರದಿಯಲ್ಲಿ ನನ್ನ ಹೆಸರು ಹತ್ತಿರ ಬಂದಿತ್ತು. ಒಂದು ದೂರು ಹೋದರೂ ಸಾಕು, ಮತ್ತೆ ಕಟ್ಟೆಯೇ ಗತಿ.

ಅಂಥ ಹೊತ್ತಿನಲ್ಲಿ ಬೆಂಗಳೂರಿಗೆ ಒಂದು ಕಾಂಟ್ರ್ಯಾಕ್ಟ್ ಗಾಡಿ ನನ್ನ ಪಾಲಿಗೆ ಬಂತು. ಇಡೀ ಬಸ್ಸನ್ನೇ ಬಾಡಿಗೆಗೆ ಹಿಡಿಯುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಕಂಡಕ್ಟರ್ ಇರುವುದಿಲ್ಲ, ಎಲ್ಲ ಜವಾಬ್ದಾರಿ ಡ್ರೈವರನದೇ. ಒಂದು ಪಕ್ಷದ ರಾಷ್ಟ್ರೀಯ ಅಧಿವೇಶನಕ್ಕೆ ತಿಕೋಟಾ ಮತ್ತು ಬಬಲೇಶ್ವರ ಕಡೆಯ ನಲವತ್ತು ಪ್ರತಿನಿಧಿಗಳು ಹೊರಟಿದ್ದರು. ಪಕ್ಷದ ಹೆಸರು ಬೇಡ. ಆ ಪಕ್ಷಕ್ಕೇ ತನ್ನ ಹೆಸರು ನೆನಪಿದೆಯೋ ಇಲ್ಲವೋ.

ಗಾಡಿ ಹಿಡಿದವರು ತಿಕೋಟಾದ ರುದ್ರಗೌಡರು. ಬಬಲೇಶ್ವರ ಕಡೆಯವರಿಗೆ ಕಾಖಂಡಕಿಯ ಗುರುಬಸಪ್ಪ ಹಿರಿಯ. ದಾರಿಯ ಊಟವನ್ನು ಎರಡೂ ಕಡೆಯವರು ಹಂಚಿಕೊಂಡಿದ್ದರು: ಖಡಕ್ ರೊಟ್ಟಿಯ ಬುಟ್ಟಿಗಳು ತಿಕೋಟಾದವರವು, ಶೇಂಗಾಹಿಂಡಿ, ಅಗಸಿಹಿಂಡಿ ಎಂಬ ಚಟ್ನಿಪುಡಿಗಳ ಡಬ್ಬಿಗಳು ಬಬಲೇಶ್ವರದವರವು. ಮೊದಲ ದಿನ ನಗುತ್ತ ಉಂಡು ಚಿತ್ರದುರ್ಗದಲ್ಲಿ ವಸತಿ ಮಾಡಿದೆವು.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಹೋಟೆಲಿನ ರೇಡಿಯೋ ಸುದ್ದಿ ಹೇಳಿತು: ಪಕ್ಷ ಒಡೆದಿದೆ, ಬೆಂಗಳೂರಿನ ಎರಡು ಮೈದಾನಗಳಲ್ಲಿ ಎರಡು ಅಧಿವೇಶನಗಳು ನಡೆಯಲಿವೆ. ಅಲ್ಲಿಯವರೆಗೆ ಬೆರೆತು ಕೂತಿದ್ದವರು ಬಸ್ಸು ಹತ್ತಿದ ಮೇಲೆ ಎದ್ದೆದ್ದು ಜಾಗ ಬದಲಿಸಿದರು. ರುದ್ರಗೌಡರ ಕಡೆಯವರು ಎಡಕ್ಕೆ, ಗುರುಬಸಪ್ಪನ ಕಡೆಯವರು ಬಲಕ್ಕೆ. ಎಲ್ಲರಿಗಿಂತ ದೊಡ್ಡ ಬಾಯಿ ಗೌಡರ ಕಡೆಯ ಹೊನವಾಡದ ಕಾಸೀಮಸಾಬರದು. ಗುರುಬಸಪ್ಪ ಅವರ ಹಳೇ ಗೆಳೆಯ. ಆದರೆ ಅಂದು ಅವನಿಗೆ "ಮನಿಮುರುಕಾ! ಉಂಡ ಮನಿ ಜಂತಿ ಎಣಸಾಂವ!" ಎಂದು ತುಮಕೂರಿನವರೆಗೂ ಬೈದರು. ಗುರುಬಸಪ್ಪನೂ ಬಿಡಲಿಲ್ಲ. ನನಗೆ ಮಾತ್ರ ಕನ್ನಡಿ ನೋಡುವುದೋ ರಸ್ತೆ ನೋಡುವುದೋ ತಿಳಿಯದಾಯಿತು.

ಬಸ್ಸಿನ ಮುಂದೆ ಜಿಲ್ಲೆಯ ಹೆಸರಿನ ಬ್ಯಾನರ್ ಕಟ್ಟಿದ್ದರು. ಅದು ಯಾವ ಪೆಂಡಾಲಿನ ಮುಂದೆ ನಿಲ್ಲುತ್ತದೋ ಇಡೀ ಜಿಲ್ಲೆ ಆ ಕಡೆ ಎಂದು ಲೆಕ್ಕ. ಇಬ್ಬರೂ ಮುಖಂಡರು ನನ್ನ ಎರಡು ಕಿವಿಯಲ್ಲಿ ಎರಡು ವಿಳಾಸ ಊದಿದರು. ನಾನು ಬಸ್ ನಿಲ್ದಾಣಕ್ಕೆ ಹೋಗಿ ನಿಲ್ಲಿಸಿ, ಬ್ಯಾನರ್ ಬಿಚ್ಚಿ ಸೀಟಿನ ಕೆಳಗೆ ತುರುಕಿ, "ಇಲ್ಲಿಂದ ಎರಡೂ ಕಡೆ ಹಾದಿ ಅದಾವ್ರಿ. ಮೂರಕ್ಕ ಎಲ್ಲಾರೂ ಇಲ್ಲೇ ಬರ್ರಿ" ಎಂದೆ. ಅವರು ಬುಟ್ಟಿ, ಡಬ್ಬಿಗಳನ್ನೂ ಬೇರೆ ಮಾಡಿಕೊಂಡು ನಡೆದರು.

ಮೂರಕ್ಕೆ ರುದ್ರಗೌಡರ ಕಡೆಯವರು ಬಂದು ಕೂತರು. ಗುರುಬಸಪ್ಪನ ಕಡೆಯ ಒಬ್ಬರೂ ಇಲ್ಲ. ನಾಲ್ಕಾಯಿತು.

"ನಡಿ ತಮ್ಮಾ, ಗಾಡಿ ಬಿಡು. ಅವರನ್ನ ಅವರ ಪಕ್ಷ ಕಳಸತೈತಿ" ಎಂದರು ಗೌಡರು.

"ನಲವತ್ತು ಮಂದೀನ್ನ ತಂದೀನ್ರಿ ಗೌಡ್ರ. ಅರ್ಧ ಮಂದೀನ್ನ ಬಿಟ್ಟು ಹೆಂಗ ಹೋಗಲ್ರಿ?"

"ಗಾಡಿ ಹಿಡದಾಂವ ನಾ. ನಾಳೆ ಡಿಪೋದಾಗ ಒಂದು ಮಾತು ಹೇಳಿದ್ರ ಸಾಕು, ನೀ ಹೆಂಗ ಕಾಯಂ ಆಗತಿ ನೋಡತೀನಿ."

ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದೆ ಎಂದು ಬಾನೆಟ್ ಎತ್ತಿ ನಾಟಕ ಹೂಡಿದೆ. ಗೌಡರ ಮನೆಯಲ್ಲಿ ಟ್ರ್ಯಾಕ್ಟರ್ ಇತ್ತು, ಡೀಸೆಲ್ ಎಂಜಿನ್ನು ಅವರಿಗೂ ಗೊತ್ತು. ನಾಟಕ ಬಹಳ ಹೊತ್ತು ನಡೆಯಲಿಲ್ಲ. ಅಷ್ಟರಲ್ಲಿ ಕಾಸೀಮಸಾಬರು ಧಡಧಡ ಇಳಿದು ಬಂದು ಮುಂದಿನ ಗಾಲಿಯ ಎದುರು ನೆಲದ ಮೇಲೆ ಕೂತುಬಿಟ್ಟರು.

"ಏಳ್ರಿ ಸಾಬರ, ಗುರುಬಸಪ್ಪನ್ನ ಬೈದಾವ್ರು ನೀವ ಅಲ್ರಿ?" ಎಂದರು ಗೌಡರು.

"ಹೌದ್ರಿ ಗೌಡ್ರ, ಬೈದೀನಿ. ಇನ್ನೂ ಬೈಯೂದು ಐತಿ. ಅವ ಇಲ್ಲಂದ್ರ ವಿಜಾಪುರದ ಮಟಾ ಯಾರನ್ನ ಬೈಲಿ?"

ಬಸ್ಸಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗೌಡರು ಮುಖ ತಿರುಗಿಸಿ ಕೂತರು. ಸಂಜೆ ಇಳಿಯುವ ಹೊತ್ತಿಗೆ ಗುರುಬಸಪ್ಪನ ಗುಂಪು ಕಾಲೆಳೆಯುತ್ತ ಬಂತು. ನಿಲ್ದಾಣಕ್ಕೆ ಬಿಟ್ಟುಬರಲು ಗಾಡಿ ಕಳಿಸುತ್ತೇವೆಂದಿದ್ದ ಅವರ ಪೆಂಡಾಲಿನವರು ಕಳಿಸಿರಲಿಲ್ಲ. ಗೊತ್ತಿಲ್ಲದ ಊರಲ್ಲಿ ದಾರಿ ಕೇಳಿಕೊಳ್ಳುತ್ತ ನಡೆದಿದ್ದರು. ಗುರುಬಸಪ್ಪನ ಒಂದು ಚಪ್ಪಲಿ ಹರಿದು ಕೈಯಲ್ಲಿತ್ತು.

"ಯಾಕೋ ಸಾಬಾ, ನೆಲದಾಗ ಕುಂತಿ?"

"ನಿನ್ನ ಸಲುವಾಗಿ ಅಲ್ಲಲೇ, ಹಿಂಡಿ ಸಲುವಾಗಿ. ಮುಂಜಾನಿಂದ ಒಣಾ ರೊಟ್ಟಿ ಕಡದು ಹಲ್ಲ ನೋಯಾಕತ್ತಾವು."

ಆ ಕಡೆಯವರು ದಿನವಿಡೀ ಬರೀ ಹಿಂಡಿ ನೆಕ್ಕಿದ್ದರಂತೆ. ಅಲ್ಲೇ ಬುಟ್ಟಿ ಬಿಚ್ಚಿದರು, ಡಬ್ಬಿ ತೆರೆದರು. ಗೌಡರೂ ಕೈಚಾಚಿದರು. ಹೊರಡುವ ಮುಂಚೆ ನಾನು ತಲೆ ಎಣಿಸಿದೆ. ನಲವತ್ತು ಸರಿಯಾದಾಗ ಆದ ಸಮಾಧಾನ ಆಮೇಲೆ ಕಾಯಂ ಆದ ದಿನವೂ ಆಗಲಿಲ್ಲ.

ಆ ಸಲ ಕಾಯಂ ಆದವರಲ್ಲಿ ನಾನಿರಲಿಲ್ಲ. ಗೌಡರು ದೂರು ಕೊಟ್ಟಿದ್ದರೋ ಇಲ್ಲವೋ, ನಾನು ಕೇಳಲಿಲ್ಲ. ಒಳಗೊಳಗೇ ಉರಿದದ್ದಂತೂ ನಿಜ. ಮುಂದಿನ ಸರದಿಗೆ ಆದೆ.

ಕೆಲವು ವರ್ಷಗಳ ಮೇಲೆ ಒಂದು ದಿನ ರುದ್ರಗೌಡರೇ ಡಿಪೋಕ್ಕೆ ಬಂದರು. ಅವರ ಪಕ್ಷ ಮತ್ತೆ ಒಡೆದಿತ್ತು, ಮತ್ತೊಂದು ಅಧಿವೇಶನವಿತ್ತು. ನನ್ನ ಹೆಸರು ಹೇಳಿ, ಅವನನ್ನೇ ಕಳಿಸಿರಿ ಎಂದು ಮ್ಯಾನೇಜರರ ಹತ್ತಿರ ಹಟ ಹಿಡಿದರಂತೆ. ಹೊರಗೆ ಸಿಕ್ಕಾಗ, ನಾನೇ ಯಾಕ್ರಿ ಎಂದು ಕೇಳಿಯೇಬಿಟ್ಟೆ.

ಗೌಡರು ಟೊಪ್ಪಿಗೆ ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು: "ಈ ಸಲ ನಮ್ಮ ಕಡೆ ಮಂದಿ ಕಡಿಮಿ ಅದೀವಪಾ."

ಜನರನ್ನು ಒಯ್ಯುವುದು ಡ್ರೈವರನ ಅರ್ಧ ಕೆಲಸ. ತಂದು ಮನೆಗೆ ಮುಟ್ಟಿಸಿದಾಗಲೇ ಅದು ಪೂರ್ತಿ. ನನ್ನ ನೌಕರಿ ಕಲಿಸಿದ್ದು ಇಷ್ಟೇ. ಆ ಸಲವೂ ಹೊರಡುವ ಮುಂಚೆ ತಲೆ ಎಣಿಸಿದೆ, ಗೌಡರಿಂದಲೇ ಶುರುಮಾಡಿ.