ಹುಸೇನಬಿ ಅಕ್ಕನ ಕೈಗುಣ

ಹುಸೇನಬಿ ಅಕ್ಕನ ತೊಟ್ಟಿಯ ಎರೆಹುಳುಗಳನ್ನು ಕೊಂದವಳು ನಾನು. ಅವಳ ಕೈಗುಣ ಅಲ್ಲ — ನನ್ನ ಕೈ. ಇಷ್ಟು ವರ್ಷ ಈ ಮಾತು ಬಾಯಿಗೆ ಬರಲಿಲ್ಲ. ಊರ ಸುದ್ದಿಯನ್ನೆಲ್ಲ ಕೇಳದವರಿಗೂ ಹೇಳುವ ಬಾಯಿಬಡುಕಿ ನಾನು. ನನ್ನ ಸುದ್ದಿ ಬಂದಾಗ ಮಾತ್ರ ಮೂಗಿಯಾದೆ.

ಸಿದ್ದಾಪುರದಲ್ಲಿ ನಮ್ಮದೂ ಅವಳದೂ ಗೋಡೆಗೆ ಗೋಡೆ ಹತ್ತಿದ ಮನೆ. ಭತ್ತದ ನಾಟಿ ಶುರುವಾದರೆ ಮೊದಲ ಸಸಿ ಹಚ್ಚಲು ಎಲ್ಲರೂ ಅವಳನ್ನೇ ಕರೆಯುತ್ತಿದ್ದರು. ಅವಳ ಕೈಗುಣ ಒಳ್ಳೆಯದು, ಅವಳು ಹಚ್ಚಿದ ಗದ್ದೆ ತುಂಬಿ ಬರುತ್ತದೆ ಎಂಬ ನಂಬಿಕೆ. ಅವಳೋ, ಬಿಸ್ಮಿಲ್ಲಾ ಎಂದು ಸಸಿ ಊರಿ, ಹೇಮಗುಡ್ಡದ ತಾಯಿಗೂ ಒಮ್ಮೆ ಕೈ ಮುಗಿದು ನಗುತ್ತಿದ್ದಳು.

ಆಗೆಲ್ಲ ಕೊಯ್ಲು ಮುಗಿದರೆ ಹುಲ್ಲಿಗೆ ಬೆಂಕಿ ಇಡುವುದೇ ರೂಢಿ. ಹುಸೇನಬಿ ಅಕ್ಕ ನಮ್ಮ ಮಹಿಳಾ ಸಂಘದಿಂದ ತರಬೇತಿಗೆ ಹೋಗಿ ಬಂದು, ಆ ಹುಲ್ಲನ್ನೇ ಸಗಣಿಯೊಂದಿಗೆ ಕೊಳೆಸಿ ಎರೆಗೊಬ್ಬರ ಮಾಡಲು ಹಿತ್ತಲಲ್ಲಿ ತೊಟ್ಟಿ ಕಟ್ಟಿಸಿದಳು. "ಹುಳ ಸಾಕಾಕತ್ಯಾಳ, ಇನ್ನ ಹಾಲ ಹಿಂಡ್ತಾಳ ನೋಡ್ರಿ" ಎಂದು ನಕ್ಕವರೇ, ಹುಳು ಹೆಚ್ಚಾದದ್ದು ತಿಳಿದ ಮೇಲೆ ತಮಗೂ ಒಂದು ಬೊಗಸೆ ಬೇಕೆಂದು ಕೇಳಿಟ್ಟರು.

ಅಷ್ಟರಲ್ಲಿ ಅವಳು ತಮ್ಮನ ಮಗಳ ಮದುವೆಗೆಂದು ಕುಷ್ಟಗಿಗೆ ಹೊರಟಳು. "ಮ್ಯಾಲಿನ ಗೋಣಿತಾಟ ಒಣಗಬಾರದವ್ವ, ಒಂದೀಟ ನೀರ ಚಿಮುಕಿಸು" ಎಂದು ನನಗೆ ಹೇಳಿದ್ದಳು. ಅಷ್ಟೇ ಮಾಡಿದ್ದರೆ — ತೊಟ್ಟಿಯ ಅಂಚಿನಲ್ಲಿ ಇರುವೆ ಸಾಲು ಕಂಡಿತು. ಅಕ್ಕಿ ಚೀಲದ ಸುತ್ತ ಇರುವೆ ಪುಡಿ ಉದುರಿಸುವುದು ನಮ್ಮ ಮನೆಯ ಪದ್ಧತಿ. ಇಲ್ಲಿಯೂ ಉದುರಿಸಿದೆ, ಧಾರಾಳವಾಗಿಯೇ. ಆಮೇಲೆ ಹೇಳಿದಂತೆ ನೀರು ಚಿಮುಕಿಸಿದೆ; ಪುಡಿಯೆಲ್ಲ ಒಳಗಿಳಿಯಿತು. ಇರುವೆಯನ್ನು ಕೊಲ್ಲುವ ವಿಷ ಹುಳುವನ್ನೂ ಕೊಲ್ಲುತ್ತದೆ ಎಂದು — ತಲೆಗೆ ಹೊಳೆಯಲೇ ಇಲ್ಲ.

ಅವಳು ಮರಳಿ ಬಂದು, ಹುಳು ಒಯ್ಯಲು ಬುಟ್ಟಿ ಹಿಡಿದು ನಿಂತ ಹೆಂಗಸರ ಮುಂದೆಯೇ ಗೋಣಿತಾಟು ಸರಿಸಿದಳು. ಗಬ್ಬು ವಾಸನೆ. ಕೆದಕಿದಲ್ಲೆಲ್ಲ ಸತ್ತ ಹುಳು. ನನ್ನತ್ತ ತಿರುಗಿದಳು. "ನೀ ಏನರ ಹಾಕಿದ್ಯೇನವ್ವ?" ಸಿಟ್ಟಿನಿಂದಲ್ಲ — ತಿಳಿದುಕೊಳ್ಳಲಿಕ್ಕೆ ಮಾತ್ರ.

"ನೀರು ಬಿಟ್ರ ಏನೂ ಹಾಕಿಲ್ಲಬೇ ಅಕ್ಕಾ."

ನಂಬಿಬಿಟ್ಟಳು. ಗುಂಪಿನಲ್ಲೊಬ್ಬಳು "ಹಂಗಾರ ಹುಸೇನಬಿ ಕೈಗುಣ ಹೋತು ಬಿಡ್ರಿ" ಎಂದಳು. ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಎಲ್ಲರೂ ನನ್ನನ್ನು ದಡ್ಡಿ ಎಂದಾರು — ಬರೀ ಅದಕ್ಕೆ ಹೆದರಿದೆ. ಬರೆಯಲೂ ನಾಚಿಕೆಯಾಗುತ್ತದೆ.

ಮುಂದಿನ ನಾಟಿಗೆ ಅವಳನ್ನು ಯಾರೂ ಕರೆಯಲಿಲ್ಲ. ಅದನ್ನಾದರೂ ಸಹಿಸಬಹುದಿತ್ತೇನೋ. ಆದರೆ ಕೈಗುಣ ಹೋಯಿತೆಂಬ ಆ ಮಾತನ್ನು ಅವಳೂ ನಂಬಿದಳು. ತೊಟ್ಟಿ ಕೆಡವಿಸಿದಳು. ತನ್ನ ಸ್ವಂತ ಗದ್ದೆಯ ಬದುವಿನ ಮೇಲೆ, ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತು ನನ್ನನ್ನು ಕರೆದಳು: "ನೀನ ಮೊದಲ ಹಚ್ಚವ್ವ. ನಿನ್ನ ಕೈ ಛಲೋ ಐತಿ."

ಹಚ್ಚಿದೆ. ಅಂದಿನಿಂದ ಪ್ರತಿ ನಾಟಿಗೂ ಅವಳು ಕರೆಯುತ್ತಾಳೆ, ನಾನು ಹಚ್ಚುತ್ತೇನೆ. ಸುಗ್ಗಿಯಾದ ಮೇಲೆ ಹೊಸ ಅಕ್ಕಿ ತಂದುಕೊಟ್ಟು ನನ್ನ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಾಳೆ.

ಈಗ ಕಾಲುವೆಗೆ ನೀರು ಬಿಟ್ಟಿದ್ದಾರೆ. ಇನ್ನೇನು ನಾಟಿ. ಈ ಸಲ ಅವಳು ಕರೆದಾಗ ಗದ್ದೆಗೆ ಇಳಿಯುವುದಿಲ್ಲ. ನಾಟಿಗೆ ಬಂದ ಹೆಂಗಸರೆಲ್ಲರ ಎದುರು ಹೇಳುತ್ತೇನೆ — ಪುಡಿ ಹಾಕಿದ್ದನ್ನೂ, ಹಾಕಿಲ್ಲ ಎಂದದ್ದನ್ನೂ. ಆಮೇಲೆ ಅವಳು ನನ್ನ ಮುಖ ನೋಡದಿದ್ದರೂ ಸರಿ. ಮೊದಲ ಸಸಿ ಅವಳು ಹಚ್ಚಲಿ.