ಕಾಲು ಹಿಡಿಯುತ್ತಿದ್ದ ಅಕ್ಕುತಾಯಿ

ಹದಿನೆಂಟು ವರ್ಷ ಅಕ್ಕುತಾಯಿಯ ಪಾಲಿಗೆ ಬಂದದ್ದು ಹಿಡಿಯುವ ಕೆಲಸ. ಸಣ್ಣ ಹುಡುಗಿಯರನ್ನು ಪರೀಕ್ಷೆಗೆಂದು ಮೇಜಿನ ಮೇಲೆ ಮಲಗಿಸಿದರೆ ಸಾಕು, ಡಾಕ್ಟರು ಯಾರೇ ಇರಲಿ, "ಅಕ್ಕುತಾಯಿ, ಕಾಲು ಗಟ್ಟಿ ಹಿಡಿ" ಅನ್ನುವವರೇ. ಜುಗೂಳದ ಹೊಳೆದಂಡೆಯಲ್ಲಿ ಆಡು ಕಾಯ್ದ ಕೈಗಳು ಅವು. ಗಂಡ ತೀರಿಕೊಂಡ ಮೇಲೆ ಅಥಣಿ ಪೇಟೆಯ ಈ ಸಣ್ಣ ದವಾಖಾನೆಯಲ್ಲಿ ಆಯಾ ಆಗಿ ಸೇರಿದ್ದಳು. ಹಾಗೆ ಅತ್ತು ಹೋದ ಹುಡುಗಿಯರು ತಾವಾಗಿ ಮತ್ತೆ ಈ ಕಡೆ ಸುಳಿಯುತ್ತಿರಲಿಲ್ಲ. ಅದನ್ನು ಗಮನಿಸಿದವಳು ಅವಳೊಬ್ಬಳೇ.

ತೊಂಬತ್ನಾಲ್ಕರಲ್ಲಿ, ದ್ರಾಕ್ಷಿ ಕಟಾವಿನ ಹೊತ್ತಿಗೆ, ಹೊಸದಾಗಿ ಬಂದ ಗಿರಿಜಾ ಡಾಕ್ಟರಬಾಯಿ ಬೆಳಗಾವಿಗೆ ಹೋಗಿ ಒಂದು ವಾರದ ತರಬೇತಿ ಮುಗಿಸಿ ಬಂದರು. ಎಳೆಯ ಹುಡುಗಿಯರ ಉಚ್ಚೆಯ ಜಾಗದ ತೊಂದರೆಗಳನ್ನು ನೋಡುವುದು ಹೇಗೆಂದು ತಾಲೂಕಿನ ಡಾಕ್ಟರರಿಗೆ ಕಲಿಸಿದ್ದರಂತೆ.

"ಅಕ್ಕುತಾಯಿ, ಇನ್ನ ಯಾವ ಕೂಸನ್ನೂ ಹಿಡಿಯೂ ಹಂಗಿಲ್ಲ."

"ಮತ್ತ ನನಗ ಪಗಾರ ಯಾತಕ್ರಿ ಬಾಯಾರ?"

"ಸುಮ್ನ ಕುಂದರಾಕ."

ಮರುದಿನವೇ ಮಂಗಸೂಳಿಯಿಂದ ಶಿವಗಂಗಾ ಬಂದಳು. ಹುಬ್ಬಳ್ಳಿಯಲ್ಲಿ ಕಲಿತು ದ್ರಾಕ್ಷಿ ತೋಟದವರ ಮನೆಗೆ ಸೊಸೆಯಾದವಳು. ಆರು ವರ್ಷದ ಮಗಳು ರಾಮಿಗೆ ಎರಡು ತಿಂಗಳಿಂದ ಉಚ್ಚೆ ಹೊಯ್ಯುವಾಗ ಉರಿ. ಹಿಂದಿನ ತಿಂಗಳೂ ಬಂದಿದ್ದರು. ಆಗಿದ್ದ ಡಾಕ್ಟರು ಹೇಳಿದಂತೆ ಅಕ್ಕುತಾಯಿಯೇ ಕಾಲು ಹಿಡಿದಿದ್ದಳು. ಹುಡುಗಿ ಒದ್ದಾಡಿದ ರಭಸಕ್ಕೆ ಏನೂ ನೋಡಲಾಗಿರಲಿಲ್ಲ.

ರಾಮಿ ಬಾಗಿಲಲ್ಲೇ ಗುರುತು ಹಿಡಿದಳು. "ಅಕಿ ಅದಾಳ! ನಾ ಒಲ್ಲೆ!"

"ಇವತ್ತೂ ನೋಡಗೊಡಲಿಲ್ಲಂದ್ರ ಹೆಂಗ್ರಿ? ಒಳಗ ಗಡ್ಡಿ ಏನಾರ ಆಗಿದ್ರ?" ಶಿವಗಂಗಾ ಅಕ್ಕುತಾಯಿಯ ಕಡೆ ತಿರುಗಿದಳು. "ಹಿಡೀರಿ ಅಕಿನ್ನ, ಒಂದ ನಿಮಿಷ!"

ಅಕ್ಕುತಾಯಿಯ ಕೈಗಳು ತಾವಾಗಿಯೇ ಮುಂದೆ ಹೋದವು. ಕೂಡಲೇ ಅವನ್ನು ಹಿಂದಕ್ಕೆ ಎಳೆದುಕೊಂಡಳು. ಬೆದರಿದ ಆಡುಮರಿಯ ಹಿಂದೆ ಓಡಬಾರದು, ಅದರ ಕಡೆ ನೋಡಲೂಬಾರದು ಎಂಬುದು ಅವಳಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಹುಡುಗಿಗೆ ಬೆನ್ನು ಮಾಡಿ ನೆಲಕ್ಕೆ ಕೂತು, ಬ್ಯಾಂಡೇಜ್ ಬಟ್ಟೆ ಸುತ್ತಿ ಗೊಂಬೆ ಕಟ್ಟತೊಡಗಿದಳು.

"ಏನ ಬೇ, ನಿನಗೂ ಉರೀತೈತೇನ?" ಎಂದು ಗೊಂಬೆಯನ್ನೇ ಕೇಳಿದಳು.

ಸ್ವಲ್ಪ ಹೊತ್ತಿಗೆ ಬೆನ್ನ ಹಿಂದಿನಿಂದ ದನಿ ಬಂತು: "ಅದಕ್ಕ ಕಣ್ಣ ಇಲ್ಲ."

"ಹೌದಲ್ಲ! ಡಾಕ್ಟರಬಾಯಾರು ನೋಡಾಕ ಬ್ಯಾಟರಿ ಹಿಡಿಯವ್ರ ಬೇಕಾಗ್ಯಾರ."

ರಾಮಿ ಬ್ಯಾಟರಿ ಹಿಡಿದಳು. ಮೊದಲು ಗೊಂಬೆಯ ಪರೀಕ್ಷೆ ಆಯಿತು. ಆಮೇಲೆ ರಾಮಿ ಅವ್ವನ ತೊಡೆಯೇರಿದಳು. ಡಾಕ್ಟರಬಾಯಿ ಅವ್ವನನ್ನಲ್ಲ, ಅವಳನ್ನೇ ಕೇಳಿದರು: "ಬರೇ ನೋಡ್ತೀನಿ. ನೀ ಬ್ಯಾಡಂದ್ರ ನಿಲ್ಲಸ್ತೀನಿ. ನೋಡ್ಲ್ಯಾ?"

"ಬ್ಯಾಡ."

ಡಾಕ್ಟರಬಾಯಿ ಆ ಕ್ಷಣವೇ ಹಿಂದೆ ಸರಿದು ಕೂತರು. ಶಿವಗಂಗಾ ಹಣೆ ಬಡಿದುಕೊಂಡಳು. ರಾಮಿ ಮಾತ್ರ ಡಾಕ್ಟರಬಾಯಿಯ ಮುಖ ನೋಡಿದಳು, ಮೂಲೆಯಲ್ಲಿ ಕೈಕಟ್ಟಿ ಕೂತ ಅಕ್ಕುತಾಯಿಯನ್ನು ನೋಡಿದಳು.

"ಹ್ಞೂಂ, ಈಗ ನೋಡ್ರಿ."

ಒಂದೇ ನಿಮಿಷ. ಯಾವ ಸಾಮಾನೂ ಬೇಕಾಗಲಿಲ್ಲ.

"ಗಡ್ಡಿ ಇಲ್ಲ, ಏನಿಲ್ಲ. ಚರ್ಮ ಸುಟ್ಟಂಗ ಕೆಂಪಾಗೇತಿ. ಜಳಕದ ನೀರಾಗ ಏನ ಹಾಕ್ತೀರಿ?"

"ರೋಗದ ಜಂತು ಸಾಯೂ ಔಷಧರಿ... ಎರಡೂ ಹೊತ್ತು. ಹಳ್ಳಿ ನೀರು ನೋಡ್ರಿ, ಅದಕ್ಕ."

"ಬಿಟ್ಟಬಿಡ್ರಿ ಅದನ್ನ. ಬರೇ ನೀರ ಸಾಕು."

"ಅಂದ್ರ... ನಾನೇ ಮಾಡಿದ್ದೇನ್ರಿ ಇದನ್ನ?" ಶಿವಗಂಗಾ ನಗುತ್ತಲೇ ಅತ್ತಳು. ಎರಡು ತಿಂಗಳಿಂದ ಎದೆಯ ಮೇಲಿದ್ದ ಬಂಡೆ ಇಳಿದಿತ್ತು.

"ಜಂತು ಸತ್ತಾವೋ ಇಲ್ಲೋ, ಅವ್ವ ಅಂತೂ ಹೆದರಿ ಅರ್ಧ ಸತ್ತಿದ್ಲು," ಎಂದಳು ಅಕ್ಕುತಾಯಿ.

ಎಂಟು ದಿನದ ಮೇಲೆ ರಾಮಿ ಮತ್ತೆ ಬಂದಳು. ಉರಿ ಹೋಗಿತ್ತು, ಬರುವ ಕೆಲಸವೇನೂ ಇರಲಿಲ್ಲ. ಅವ್ವನ ಕೈ ಬಿಡಿಸಿಕೊಂಡು ಒಳಗೆ ಓಡಿ, ಅಂದು ಮನೆಗೆ ಒಯ್ದಿದ್ದ ಗೊಂಬೆಯನ್ನು ಅಕ್ಕುತಾಯಿಯ ಮಡಿಲಲ್ಲಿ ಇಟ್ಟಳು. ಅದಕ್ಕೆ ಕಾಡಿಗೆಯಲ್ಲಿ ಕಣ್ಣು ಬರೆದಿದ್ದಳು, ಒಂದು ದೊಡ್ಡದು, ಒಂದು ಸಣ್ಣದು.