ಹಳೇ ಗಂಟೆಯೋ, ಹೊಸಾ ಗಂಟೆಯೋ?

ಫೆಸ್ ನಗರದ ಔಷಧ ಗೋದಾಮು. ಇನ್ನೂ ಬೆಳಕು ಹರಿದಿಲ್ಲ. ತೂದಾ ಅಜರ್ವಾಲ್ ಕಂಪ್ಯೂಟರಿನ ಮುಂದೆ ಕೂತು ಉಗುರು ಕಚ್ಚುತ್ತಿದ್ದಾರೆ. ಊರೂರಿನ ಶಾಖೆಗಳ ಕಂಪ್ಯೂಟರುಗಳು ಒಂದಕ್ಕೊಂದು ಸುಳ್ಳು ಹೇಳದಂತೆ ಕಾಯುವುದು ಅವರ ಕೆಲಸ. ಎಲ್ಲ ಸರಿಯಿದ್ದ ದಿನ ಅವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಇವತ್ತು ರಂಜಾನಿಗೆ ಮುಂಚಿನ ಭಾನುವಾರ, ದೇಶದ ಗಡಿಯಾರವೆಲ್ಲ ಒಂದು ಗಂಟೆ ಹಿಂದೆ ಸರಿಯುವ ದಿನ. ತೂದಾ ವರ್ಷವಿಡೀ ಹೆದರುವುದು ಈ ದಿನಕ್ಕೇ.

ಹೋದ ವರ್ಷ ಇದೇ ದಿನ, ಬೆಟ್ಟದಾಚೆಯ ಮಿದೆಲ್ತ್ ಶಾಖೆಯ, ಎಲ್ಲರೂ ‘ಬಾ’ ಎಂದರೆ ಅಪ್ಪ ಎಂದು ಕರೆಯುವ ಮುದುಕ ಬಾ ಹಮ್ಮೂ, ಕಂಪ್ಯೂಟರು ತಾನೇ ಗಂಟೆ ಬದಲಿಸಿಕೊಂಡಿದ್ದು ತಿಳಿಯದೆ, ಕೈಯಾರೆ ಇನ್ನೊಂದು ಗಂಟೆ ಹಿಂದಕ್ಕೆ ತಿರುಗಿಸಿಬಿಟ್ಟರು. ಆಮೇಲೆ ಅವರು ಕಳಿಸಿದ ‘ಇನ್ಸುಲಿನ್ ಮುಗಿದಿದೆ’ ಎಂಬ ಸುದ್ದಿಯನ್ನು, ಮುಂಚಿನ ‘ದಾಸ್ತಾನಿದೆ’ ಎಂಬುದಕ್ಕಿಂತ ಹಳೆಯದೆಂದು ಫೆಸ್‌ನ ಯಂತ್ರ ಬದಿಗಿಟ್ಟಿತು. ಪೆಟ್ಟಿಗೆ ಹೋಗಲೇ ಇಲ್ಲ. ಮದ್ದು ಸಿಗದ ಪುಟ್ಟ ಹುಡುಗಿಯೊಬ್ಬಳು ಸಾವಿನ ದವಡೆಯಿಂದ ಪಾರಾಗಿ ಬಂದಳು. “ಮಗು ಬದುಕ್ಕೊಂತು. ನನ್ನ ನಿದ್ದೆ ಮಾತ್ರ ಅವತ್ತೇ ಹೋಯ್ತು,” ಎನ್ನುತ್ತಾರೆ ತೂದಾ.

ಅಂದಿನಿಂದ ಅವರು ಗಡಿಯಾರ ನಂಬುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯಲು ಪ್ರತಿ ಶಾಖೆಯ ಸುದ್ದಿಗೂ ಸರದಿ ಸಂಖ್ಯೆ ಹಾಕಿಸಿದ್ದಾರೆ. ಆದರೆ ಬಾರದೇ ಇರುವ ಸುದ್ದಿಗೆ ಸಂಖ್ಯೆ ಎಲ್ಲಿಂದ ತರುವುದು? ಹಿಮ ಬಿದ್ದು ನಿನ್ನೆಯಿಂದ ಮಿದೆಲ್ತ್‌ನ ಇಂಟರ್ನೆಟ್ ಸಂಪರ್ಕ ಕಡಿದಿದೆ, ಫೋನೂ ಹತ್ತುತ್ತಿಲ್ಲ. ಪರದೆ ಮಾತ್ರ ಕೊನೆಗೆ ಬಂದ ಸುದ್ದಿಯನ್ನೇ ಹಿಡಿದು ಹಸಿರು ಅಕ್ಷರದಲ್ಲಿ ‘ದಾಸ್ತಾನಿದೆ’ ಎನ್ನುತ್ತಲೇ ಇದೆ.

ಹೊರಗೆ, ಶಾಖೆಯ ಪೆಟ್ಟಿಗೆಗಳನ್ನೂ ಒಯ್ಯುವ ಮಿದೆಲ್ತ್ ಬಸ್ಸಿನ ಚಾಲಕ ಮೌಲೂದ್ ಹಾರನ್ ಒತ್ತುತ್ತಾನೆ. “ರಸ್ತೆ ಹಿಮ ತೆಗ್ದಿದಾರೆ, ಆರಕ್ಕೆ ಹೊರಡ್ತೀನಿ ಅಕ್ಕಾ!”

“ಯಾವ ಆರು? ಹಳೇ ಗಂಟೆಯೋ, ಹೊಸಾ ಗಂಟೆಯೋ?”

“ಎರಡೂ ಅಲ್ಲ, ನನ್ನ ಹೆಂಡ್ತಿ ಗಂಟೆ! ಅವಳು ಎಬ್ಬಿಸಿದ್ದೇ ಟೈಮು!”

ತೂದಾಗೆ ನಗು ಬರುವುದಿಲ್ಲ. ಶಾಖೆಯಿಂದ ಬೇಡಿಕೆ ಬಾರದೆ ಮದ್ದು ಹೊರಗೆ ಹೋದರೆ ಕೆಲಸಕ್ಕೇ ಕುತ್ತು. ಆದರೂ ಇನ್ಸುಲಿನ್ನಿನ ತಂಪು ಪೆಟ್ಟಿಗೆಯನ್ನು ಎತ್ತಿ ಬಸ್ಸಿಗೆ ಹಾಕುತ್ತಾರೆ.

ಬಿಸಿಲೇರಿದ ಮೇಲೆ ಬಾ ಹಮ್ಮೂ ಅವರ ಫೋನು ಬರುತ್ತದೆ. “ಮಗಳೇ, ನಿನ್ನೆ ಸಂಜೇನೇ ಕೊನೇ ಸೀಸೆ ಖಾಲಿ. ಸುದ್ದಿ ಕಳಿಸಿದ್ನಲ್ಲ, ಬಂತಾ?”

“ಬರ್ಲಿಲ್ಲ. ಪೆಟ್ಟಿಗೆ ಹೊರಟಾಯ್ತು.”

“ಸುದ್ದಿ ಬರದೆ ಅದ್ಹೆಂಗೆ ಹೊರಡ್ತು?”

“ಹೆದರಿಕೆ ಆಯ್ತು, ಕಳಿಸ್ದೆ.”

“ಈ ಸಲ ಗಡಿಯಾರ ಮುಟ್ಟಿಲ್ಲ ಕಣಮ್ಮ, ದೇವರಾಣೆ!”

ಹೀಗೆ ಊರೂರಿಗೆ ಹಂಚಿಹೋದ ವ್ಯಾಪಾರದ ಕಂಪ್ಯೂಟರುಗಳ ಬಗ್ಗೆ ಮುಂದೆ ಏನು ಸಂಶೋಧನೆ ಮಾಡಬೇಕೆಂದು ರಬಾತ್‌ನ ವಿಶ್ವವಿದ್ಯಾಲಯದವರು ಇತ್ತೀಚೆಗೆ ಕೇಳಿಕೊಂಡು ಬಂದಿದ್ದರು. ಉಳಿದ ವ್ಯಾಪಾರದವರೆಲ್ಲ ಯಂತ್ರಕ್ಕೆ ಇನ್ನೂ ವೇಗ ಬೇಕೆಂದರು. ತೂದಾ ಕೇಳಿದ್ದೇ ಬೇರೆ.

“ಗೊತ್ತಿಲ್ಲದಾಗ ‘ನಂಗೊತ್ತಿಲ್ಲ’ ಅನ್ನೋ ಯಂತ್ರ ಮಾಡ್ಕೊಡಿ ಸಾಕು. ಅದೂ ಒಂಚೂರು ಹೆದರೋದು ಕಲೀಲಿ. ಆಗ ನಾನು ನಿದ್ದೆ ಮಾಡ್ತೀನಿ.”